ಥ್ಯಾಲೋ ಬ್ಲೂ ಇಡೀ ಕ್ಯಾನ್ವಾಸ್ ನುಂಗಿಬಿಟ್ಟಿತು, ಹೊಸ ಬಣ್ಣ ಪಳಗಿಸುವುದು ಹೇಗೆ?

ಹಿತ್ತಾಳೆಚೊಂಬು:
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಆಯಿಲ್ ಬಣ್ಣದಲ್ಲಿ ಸ್ಟಿಲ್ ಲೈಫ್, ಅಂದರೆ ಹಣ್ಣು, ಪಾತ್ರೆ ಥರದ ವಸ್ತುಗಳನ್ನು ಜೋಡಿಸಿಟ್ಟು ಅವುಗಳ ಚಿತ್ರ, ಮಾಡುತ್ತಿದ್ದೇನೆ. ಮನೆ ಬಸವನಗುಡಿಯಲ್ಲಿ, ಬೆಳಿಗ್ಗೆ ಗಾಂಧಿ ಬಜಾರಿಗೆ ಒಂದು ಸುತ್ತು ಹೋದರೆ ಸೇವಂತಿಗೆ, ದಾಳಿಂಬೆ, ಬದನೆಕಾಯಿ ಎಲ್ಲ ಬ್ಯಾಗಿಗೆ ಬೀಳುತ್ತವೆ, ಹಾಗಾಗಿ ಬರೆಯಲು ವಸ್ತುವಿಗೆ ಬರ ಇಲ್ಲ. ಇಷ್ಟು ದಿನ ನನ್ನ ಹತ್ತಿರ ಐದೇ ಟ್ಯೂಬ್ ಇದ್ದವು. ಟೈಟೇನಿಯಂ ವೈಟ್, ಯೆಲ್ಲೋ ಓಕರ್, ಕ್ಯಾಡ್ಮಿಯಂ ರೆಡ್, ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಅಂಬರ್ ಅನ್ನುವ ಕಂದು.

ತೊಂದರೆ ಬಂದದ್ದು ಬದನೆಕಾಯಿಯಿಂದ. ಕ್ಯಾಡ್ಮಿಯಂ ರೆಡ್‌ಗೆ ಅಲ್ಟ್ರಾಮರೀನ್ ಸೇರಿಸಿದರೆ ನೇರಳೆ ಬರುವುದೇ ಇಲ್ಲ, ಕೆಸರಿನಂಥ ಕಂದು ಬರುತ್ತದೆ. ಅದಕ್ಕೆ ಥ್ಯಾಲೋ ಬ್ಲೂ ಅನ್ನುವ ಗಾಢ ನೀಲಿ, ಕ್ವಿನಾಕ್ರಿಡೋನ್ ಮಜೆಂಟಾ ಅನ್ನುವ ನೇರಳೆಗೆಂಪು ಎರಡೂ ತಂದೆ. ಆಸೆ ತಡೆಯಲಾಗದೆ ಅವತ್ತೇ ಎರಡನ್ನೂ ಪ್ಯಾಲೆಟ್‌ಗೆ ಹಾಕಿ ಶುರು ಮಾಡಿದೆ. ಒಂದು ಗಂಟೆಯೊಳಗೆ ಚಿತ್ರದಲ್ಲಿ ದೇವನಹಳ್ಳಿ ಚಕ್ಕೋತದ ಹಳದಿ ಪಾಚಿ ಹಸಿರಾಯಿತು, ಕೆಳಗೆ ಹಾಸಿದ್ದ ಬಿಳಿ ಪಂಚೆ ಕೂಡ ನೀಲಿಗೆ ತಿರುಗಿತು. ಎಲ್ಲ ಕೆರೆದು ಹಾಕಬೇಕಾಯಿತು. ಹಳೆ ಐದು ಬಣ್ಣ ಸಾಕು ಅಂತ ವಾಪಸ್ ಹೋಗಲು ಮನಸ್ಸಿಲ್ಲ. ನೀವೆಲ್ಲ ಹೊಸ ಬಣ್ಣವನ್ನು ಹೇಗೆ ಒಳಗೆ ತರುತ್ತೀರಿ?

ಕಡುನೀಲಿ:
ಮೇಡಂ, ತಪ್ಪು ನಿಮ್ಮ ಕೈಯದ್ದಲ್ಲ, ಆ ಬಣ್ಣದ ಸ್ವಭಾವವೇ ಅದು. ಥ್ಯಾಲೋ 1935ರಲ್ಲಿ ಮಾರುಕಟ್ಟೆಗೆ ಬಂದದ್ದು, ಅದರ ಕಣಗಳು ತುಂಬ ಸಣ್ಣವು, ಬೇರೆ ಬಣ್ಣಕ್ಕೆ ತನ್ನ ಛಾಯೆ ಕೊಡುವ ಶಕ್ತಿ ಅಲ್ಟ್ರಾಮರೀನ್‌ಗಿಂತ ಎಷ್ಟೋ ಪಾಲು ಜಾಸ್ತಿ. ಅಲ್ಟ್ರಾಮರೀನ್ ಹಾಕಿ ಅಭ್ಯಾಸವಾದ ಕೈ ಅದೇ ಅಳತೆಯಲ್ಲಿ ಇದನ್ನೂ ತೆಗೆಯುತ್ತದೆ. ಅಲ್ಲೇ ಕೆಡುವುದು.

ನಾನು ಮಾಡುವುದು ಹೀಗೆ. ನೀಲಿಯನ್ನು ಪ್ಯಾಲೆಟ್‌ನ ಒಂದು ಮೂಲೆಯಲ್ಲಿ ಕಡಲೆಕಾಳಿನಷ್ಟು ಮಾತ್ರ ಇಡುತ್ತೇನೆ. ನೀಲಿಗೆ ಬೇರೆ ಬಣ್ಣ ಸೇರಿಸುವುದಿಲ್ಲ, ಬೇರೆ ಬಣ್ಣಕ್ಕೆ ನೀಲಿಯನ್ನು ಸೇರಿಸುತ್ತೇನೆ, ಅದೂ ಬಣ್ಣ ಕಲಸುವ ನೈಫ್‌ನ ತುದಿಯಲ್ಲಿ ಸಾಸಿವೆಯಷ್ಟು. ಅದನ್ನು ಮುಟ್ಟಿದ ಬ್ರಷ್ ಅವತ್ತು ಹಳದಿಯ ಹತ್ತಿರ ಹೋಗಬಾರದು. ಪಂಚೆ ನೀಲಿಯಾದದ್ದು ಖಂಡಿತ ಬ್ರಷ್‌ನಿಂದ, ಮೇಲೆ ಮೇಲೆ ಒರೆಸಿದರೆ ಅದು ಹೋಗುವುದಿಲ್ಲ.

ಇನ್ನು ಕೆಸರಿನ ವಿಷಯ. ಕ್ಯಾಡ್ಮಿಯಂ ರೆಡ್‌ನೊಳಗೆ ಹಳದಿಯ ಕಡೆ ವಾಲಿಕೆ ಇದೆ. ಹಳದಿಯೂ ನೇರಳೆಯೂ ಬಣ್ಣದ ಚಕ್ರದಲ್ಲಿ ಎದುರುಬದುರು, ಕಲಸಿದರೆ ಒಂದನ್ನೊಂದು ಕೊಲ್ಲುತ್ತವೆ. ಮಜೆಂಟಾದಲ್ಲಿ ಆ ಹಳದಿ ಇಲ್ಲ, ಆದ್ದರಿಂದ ನೇರಳೆ ಶುದ್ಧವಾಗಿ ಬರುತ್ತದೆ. ಬದನೆಕಾಯಿಗೆ ಮಜೆಂಟಾವನ್ನೇ ಮೊದಲು ಹಾಕಿಕೊಳ್ಳಿ, ನೀಲಿ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗಿ, ಕಪ್ಪು ಟ್ಯೂಬ್ ಇಲ್ಲದೆಯೇ ಹೆಚ್ಚುಕಡಿಮೆ ಕಪ್ಪಿನವರೆಗೆ ಇಳಿಯಬಹುದು. ಅದರ ಮೇಲಿನ ಹೊಳಪನ್ನು ಮಾತ್ರ ತಿಳಿ ನೇರಳೆ ಅಂತ ಮಾಡಬೇಡಿ. ಸರಿಯಾಗಿ ನೋಡಿ, ಅದು ಕಿಟಕಿಯ ಆಕಾಶ, ಬೂದು ನೀಲಿ.

ಉತ್ತರದ ಕಿಟಕಿ:
ಮೇಲಿನವರು ಹೇಳಿದ್ದು ಸರಿ. ಆದರೆ ಟ್ಯೂಬ್ ಬದಲಿಸುವ ಮೊದಲು ಬದನೆಕಾಯಿಯ ಕೆಳಗಿನ ಬಟ್ಟೆ ಬದಲಿಸಿ ನೋಡಿದ್ದೀರಾ? ಬೀರುವಿನಲ್ಲಿ ಮಡಿಸಿಟ್ಟ ರವಿಕೆ ಕಣಗಳು ಎಲ್ಲರ ಮನೆಯಲ್ಲೂ ಇರುತ್ತವೆ ಅಲ್ವಾ. ಅದರಲ್ಲಿ ಒಂದು ಅರಿಶಿನ ಬಣ್ಣದ್ದನ್ನು ತೆಗೆದು ಹಾಸಿ. ನಿಮ್ಮ ಅದೇ ಕಂದು ಮಿಶ್ರಿತ ನೇರಳೆ ಆ ಹಳದಿಯ ಪಕ್ಕದಲ್ಲಿ ತಟ್ಟನೆ ನೇರಳೆಯಾಗಿ ಕಾಣುತ್ತದೆ. ಮಿಶ್ರಣದಲ್ಲಿ ಕೊಲ್ಲುವ ಹಳದಿಯೇ ಪಕ್ಕದಲ್ಲಿ ಕೂತರೆ ಎತ್ತಿ ತೋರಿಸುತ್ತದೆ. ಹಿತ್ತಾಳೆ ಚೊಂಬನ್ನು ಹತ್ತಿರ ಇಟ್ಟರೆ ಅದರ ಹೊಟ್ಟೆಯಲ್ಲಿ ಬದನೆಕಾಯಿಯೂ ಕಣವೂ ಎರಡೂ ಸೇರಿ ಒಂದು ಬಣ್ಣ ಹುಟ್ಟುತ್ತದೆ, ಅದು ಯಾವ ಟ್ಯೂಬಿನಲ್ಲೂ ಸಿಗುವುದಿಲ್ಲ, ನನಗೆ ಸ್ಟಿಲ್ ಲೈಫ್‌ನಲ್ಲಿ ಅತಿ ಇಷ್ಟವಾದ ಜಾಗ ಅದು.

ಇಟಲಿಯ ಬೊಲೋನಾದಲ್ಲಿದ್ದ ಚಿತ್ರಕಾರ ಮೊರಾಂಡಿ ಕೆಲವು ಬಾಟಲಿಗಳನ್ನೇ ದಶಕಗಟ್ಟಲೆ ಬರೆದರು, ಹೊಳಪು ಬೇಡ ಅಂತ ಬಾಟಲಿಗೇ ಬಣ್ಣ ಬಳಿದರು. ನಮ್ಮ ಊರಿನಲ್ಲೇ ನೋಡಬೇಕೆಂದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯಾದ ಚಿತ್ರಕಾರ ರೋರಿಕ್‌ರ ಚಿತ್ರಗಳಿವೆ. ನಿಕೋಲಸ್ ರೋರಿಕ್ ಹೆಚ್ಚಾಗಿ ಆಯಿಲ್ ಅಲ್ಲದ ಟೆಂಪೆರಾ ಎಂಬ ಬಣ್ಣದಲ್ಲಿ ಬರೆದವರು, ಆದರೂ ಒಂದು ನೀಲಿಯ ಪಕ್ಕ ಇನ್ನೊಂದು ನೀಲಿ ಇಡುವುದು ಹೇಗೆ ಅಂತ ಅಲ್ಲಿ ಅರ್ಧ ದಿನ ನಿಂತು ನೋಡಬಹುದು. ನಾನು ನಿಂತಿದ್ದೇನೆ.

ಒಂದು ಮಾತು, ರಾತ್ರಿ ಹಳದಿ ಬಲ್ಬಿನ ಕೆಳಗೆ ನೇರಳೆ ಕಲಸಬೇಡಿ. ಬೆಳಿಗ್ಗೆ ನೋಡಿದರೆ ಬೇರೆಯೇ ಬಣ್ಣ ಇರುತ್ತದೆ.

ಅಗಸೆಎಣ್ಣೆ:
ಟ್ಯೂಬಿನ ಹಿಂಭಾಗ ಓದಿ ಕೊಳ್ಳಿ, ಎಲ್ಲರಿಗೂ ಹೇಳುತ್ತಿದ್ದೇನೆ. ಹೆಸರು ನಂಬಬೇಡಿ, ಪಿಗ್ಮೆಂಟ್ ಸಂಖ್ಯೆ, ಅಂದರೆ ಒಳಗಿರುವ ಬಣ್ಣದ ಪುಡಿಯ ಸಂಖ್ಯೆ, ನೋಡಿ. ಪಿಬಿ15 ಅಂದರೆ ಥ್ಯಾಲೋ, ಪಿಬಿ29 ಅಂದರೆ ಅಲ್ಟ್ರಾಮರೀನ್. ಹೆಸರಿನ ಜೊತೆ ಹ್ಯೂ ಅಂತ ಇದ್ದರೆ ಒಳಗಿರುವುದು ಬೇರೆ ಪಿಗ್ಮೆಂಟ್. ಎರಡು ಮೂರು ಪಿಗ್ಮೆಂಟ್ ಸೇರಿಸಿದ ಟ್ಯೂಬನ್ನು ಮತ್ತೊಂದರ ಜೊತೆ ಕಲಸಿದರೆ ಬೇಗ ಮಂಕಾಗುತ್ತದೆ.

ಬಣ್ಣ ಮಾಸುವುದನ್ನೂ ನೋಡಿಕೊಳ್ಳಿ. ಹಿಂದೆ ಅಲಿಜರಿನ್ ಕ್ರಿಮ್ಸನ್ ಅನ್ನುವ ಕಡುಗೆಂಪಿನಲ್ಲಿ, ಅಂದರೆ ಪಿಆರ್83ರಲ್ಲಿ, ದಾಸವಾಳ ಬರೆದು ಅಕ್ಕನಿಗೆ ಕೊಟ್ಟಿದ್ದೆ. ಅವರ ಹಾಲ್‌ನಲ್ಲಿ ಬಿಸಿಲು ಬೀಳುವ ಗೋಡೆ. ಕೆಲವು ವರ್ಷ ಕಳೆದು ಹೋದಾಗ ಎಲೆ ಹಾಗೇ ಇತ್ತು, ಹೂವಿನ ತೆಳು ಭಾಗ ಎಲ್ಲ ಬಿಳಿಚಿಕೊಂಡಿತ್ತು. ತುಂಬ ಸಂಕಟವಾಯಿತು. ಈಗ ಯಾವ ಹೊಸ ಬಣ್ಣ ತಂದರೂ ಒಂದು ಪಟ್ಟಿ ಬಳಿದು, ಅರ್ಧಕ್ಕೆ ಫಾಯಿಲ್ ಸುತ್ತಿ, ಮೂರು ತಿಂಗಳು ಕಿಟಕಿಗೆ ಅಂಟಿಸುತ್ತೇನೆ. ನಿಮ್ಮ ಥ್ಯಾಲೋ, ಕ್ವಿನಾಕ್ರಿಡೋನ್ ಎರಡೂ ಬೆಳಕಿಗೆ ಚೆನ್ನಾಗಿ ತಡೆಯುತ್ತವೆ, ಭಯ ಬೇಡ. ಮಜೆಂಟಾ ಒಣಗುವುದು ನಿಧಾನ, ಅಂಬರ್ ಬೇಗ. ಮಳೆಗಾಲದಲ್ಲಿ ಇನ್ನೂ ತಡ. ಆದ್ದರಿಂದ ಕೆಳಗಿನ ಪದರಕ್ಕೆ ಅಂಬರ್, ಮಜೆಂಟಾ ಕೊನೆಗೆ.

ಹಿತ್ತಾಳೆಚೊಂಬು:
ಎಲ್ಲರಿಗೂ ಧನ್ಯವಾದ. ಎರಡು ಸಂಜೆ ಕ್ಯಾನ್ವಾಸ್ ಮುಟ್ಟಲಿಲ್ಲ, ಸುಮ್ನೆ ರಟ್ಟಿನ ಮೇಲೆ ಹೊಸ ಎರಡು ಬಣ್ಣವನ್ನು ಹಳೆ ಐದರ ಜೊತೆ ಒಂದೊಂದಾಗಿ ಕಲಸಿದೆ. ಹಳದಿ ಕಣವನ್ನೂ ಹಾಸಿದೆ. ನಿನ್ನೆ ಬೆಳಿಗ್ಗೆ ಕೂತೆ, ಬದನೆಕಾಯಿ ಬಂತು, ನಿಜವಾಗಲೂ ಬಂತು. ಈಗ ತೊಟ್ಟು ಉಳಿದಿದೆ. ಓಕರ್‌ಗೆ ಥ್ಯಾಲೋ ಸೇರಿಸಿದರೆ ಬರುವ ಹಸಿರು ತುಂಬ ಚುಚ್ಚುತ್ತಿದೆ, ಅದನ್ನು ಹೇಗೆ ತಗ್ಗಿಸಲಿ?

ಕಡುನೀಲಿ:
ಕ್ಯಾಡ್ಮಿಯಂ ರೆಡ್ ಸಾಸಿವೆಯಷ್ಟು ಸೇರಿಸಿ. ಬಿಳಿ ಬೇಡ, ಸುಣ್ಣ ಬಳಿದ ಹಾಗಾಗುತ್ತದೆ. ತೊಟ್ಟು ಕಾಯಿಗೆ ಸೇರುವ ಕಡೆ ಒಂದು ಎಳೆ ಮಜೆಂಟಾ ಒಳಗೆ ಬರಲಿ, ಮುಗಿಸಿ ಫೋಟೋ ಹಾಕಿ.