ನೀಲಿ ಬೆಳಕು ಚಾಡಿಕೋರ

"ಲೋ ಗಿರಿ, ನನ್ನ ಮೂಗಿನ ಒಂದು ಪಕ್ಕ ಮಾತ್ರ ಯಾಕೋ ನೀಲಿ?" ಕ್ಯಾಮೆರಾದ ಪರದೆ ನೋಡಿ ಸೀನ ಗಾಬರಿಯಾದ.

"ಎಡಗಡೆ ಫ್ಲಾಶ್‌ಗೆ ನೀಲಿ ಜೆಲ್, ಅಂದ್ರೆ ಬೆಳಕು ದಾಟುವ ಬಣ್ಣದ ಹಾಳೆ, ಹಾಕಿದ್ದೇನೆ, ಬಲಗಡೆ ಕೆಂಪು."

"ಮೊಡವೆ ಕಾಣುತ್ತಿದೆಯಲ್ಲೋ!"

"ನೀಲಿ ಕಡೆ ಮಾತ್ರ. ಮೊಡವೆ ಕೆಂಪಗಿರುತ್ತೆ, ನೀಲಿ ಬೆಳಕನ್ನು ನುಂಗಿ ಕಪ್ಪಾಗಿ ಕಾಣುತ್ತೆ. ಕೆಂಪು ಬೆಳಕಲ್ಲಿ ಸುತ್ತಲಿನ ಚರ್ಮದ ಜೊತೆ ಸೇರಿಹೋಗುತ್ತೆ. ಕೆಂಪು ನಿನ್ನ ಮರ್ಯಾದೆ ಕಾಯುತ್ತೆ, ನೀಲಿ ಚಾಡಿ ಹೇಳುತ್ತೆ."

ಪದ್ದಿ ಕನ್ನಡಿ ಕೆಳಗಿಟ್ಟಳು. "ಹಾಗಾದ್ರೆ ನನ್ನ ಕೆಂಪು ಲಿಪ್‌ಸ್ಟಿಕ್?"

"ಒಂದು ಕಡೆ ಮಾಯ, ಇನ್ನೊಂದು ಕಡೆ ಕಪ್ಪು."

"ಸುಮ್ನೆ ಬಳಿದುಕೊಂಡೆ ಅನ್ನು!"

ಸೀನನಿಗೆ ಬಣ್ಣ ಸಾಲಲಿಲ್ಲ. ಹಸಿರೂ ಇರಲಿ ಅಂದ. ಗಿರಿ ಮೂರೂ ಲೈಟನ್ನು ಹದವಾಗಿ ಮುಖಕ್ಕೇ ತಿರುಗಿಸಿದ. ಮುಖ ಬೆಳ್ಳಗಾಯಿತು! ಕೆಂಪು, ಹಸಿರು, ನೀಲಿ ಬೆಳಕು ಸೇರಿದರೆ ಆಗುವುದೇ ಅದು. ಆದರೆ ಮಜಾ ಇದ್ದದ್ದು ಹಿಂದಿನ ಗೋಡೆಯಲ್ಲಿ. ಸೀನನ ನೆರಳು ಮೂರಾಗಿತ್ತು. ಕೆಂಪು ತಡೆದ ಕಡೆ ಸಯಾನ್ ಅನ್ನೋ ಹಸಿರುನೀಲಿ, ಹಸಿರು ತಡೆದ ಕಡೆ ಮಜೆಂಟಾ ಅನ್ನೋ ನೇರಳೆಗೆಂಪು, ನೀಲಿ ತಡೆದ ಕಡೆ ಹಳದಿ. ನನ್ನನ್ನು ಕೇಳಿದರೆ ಅವನಿಗಿಂತ ಅವನ ನೆರಳೇ ಚೆನ್ನಾಗಿತ್ತು.

"1861ರಲ್ಲೇ ಮ್ಯಾಕ್ಸ್‌ವೆಲ್ ಅನ್ನೋ ವಿಜ್ಞಾನಿ ಇದೇ ಮೂರು ಬಣ್ಣದ ಫಿಲ್ಟರಿನಿಂದ ಒಂದು ರಿಬ್ಬನ್ನಿನ ಕಲರ್ ಚಿತ್ರ ತೋರಿಸಿದ್ದ," ಅಂದಳು ಪದ್ದಿ. "ಮೂರು ಬೇರೆ ಬೇರೆ ಫೋಟೊ, ಒಂದರ ಮೇಲೊಂದು."

"ರಿಬ್ಬನ್ನಿಗೆ ಮೊಡವೆ ಇರಲಿಲ್ಲ, ಬಿಡು," ಅಂದ ಸೀನ.

"ಅದು ಅಲ್ಲಾಡುತ್ತಲೂ ಇರಲಿಲ್ಲ. ಅಲ್ಲಾಡಿದ್ದರೆ ಮೂರು ಬಣ್ಣ ಮೂರು ದಿಕ್ಕಿಗೆ ಹೋಗುತ್ತಿತ್ತು."

ಇದು ಕೇಳಿದ್ದೇ ತಡ, ಸೀನ ತಲೆ ಅಲ್ಲಾಡಿಸಲು ಶುರುಮಾಡಿದ.

ಗಿರಿ ಗೋಡೆಗೆ ಕಪ್ಪು ಬಟ್ಟೆ ಇಳಿಬಿಟ್ಟ, ರೂಮಿನ ದೀಪ ಆರಿಸಿದ. ಬಿಳಿ ಗೋಡೆ ಇದ್ದರೆ ಅಲ್ಲಾಡಿದ ಗುರುತೆಲ್ಲ ಅದರಲ್ಲೇ ಮುಳುಗಿಹೋಗುತ್ತೆ ಅಂತೆ. ಸದಾ ಉರಿಯುವ ಎಲ್‌ಇಡಿಗೆ ಕೆಂಪು ಜೆಲ್, ಒಂದು ಫ್ಲಾಶ್ ಮಾತ್ರ ಬಿಳಿ. ಶಟರ್ ಅರ್ಧ ಸೆಕೆಂಡ್ ತೆರೆದಿರುತ್ತೆ. ಫ್ಲಾಶ್ ಹೊಳೆಯುವುದು ಸುಮಾರು 1/1000 ಸೆಕೆಂಡ್, ಅಷ್ಟರಲ್ಲಿ ಮುಖ ಅಚ್ಚಾಗಿ ನಿಲ್ಲುತ್ತೆ. ಉಳಿದ ಹೊತ್ತು ಎಲ್‌ಇಡಿ ಕೆಂಪು ಬಾಲ ಎಳೆಯುತ್ತೆ.

ಮೊದಲ ಚಿತ್ರದಲ್ಲಿ ಬಾಲ ಮೂಗಿನ ಮುಂದೆ ಬಂತು!

"ಫ್ಲಾಶ್ ಶುರುವಿನಲ್ಲೇ ಹೊಡೆದಿದೆ. ರಿಯರ್ ಕರ್ಟನ್‌ಗೆ ಹಾಕುತ್ತೇನೆ, ಕೊನೆಗೆ ಹೊಡೆಯುತ್ತೆ. ಆಗ ಬಾಲ ಹಿಂದೆ."

"ಉದ್ದ ಬಾಲ ಬೇಕು," ಅಂದ ಸೀನ.

ಗಿರಿ ಎರಡು ಸೆಕೆಂಡಿಗೆ ಏರಿಸಿದ. ನನ್ನ ಪ್ರಕಾರ ಅಷ್ಟು ಜಾಸ್ತಿ ಆದರೆ ಅದು ಮುಖ ಅಲ್ಲ, ಹೊಗೆ. ಆದರೂ ಬಾಲ ಸೊಗಸಾಗಿ ಬಂತು. ತಾಪತ್ರಯ ಬೇರೆಯೇ. ಕತ್ತಲಲ್ಲಿ ಎರಡು ಸೆಕೆಂಡ್ ಬಾಯಿ ಮುಚ್ಚಿರುವುದು ಸೀನನ ಜಾಯಮಾನವೇ ಅಲ್ಲ. ಪ್ರತಿ ಸಲ "ಆಯ್ತಾ?" ಅಂತ ಕೇಳುತ್ತಾನೆ, ಸರಿಯಾಗಿ "ಆ" ಅನ್ನುವಾಗಲೇ ಫ್ಲಾಶ್ ಹೊಡೆಯುತ್ತೆ.

"ಹಲ್ಲಿನ ಡಾಕ್ಟರಿಗೆ ತೋರಿಸೋಕೆ ಆಗುತ್ತೆ, ಇಟ್ಕೋ," ಅಂದಳು ಪದ್ದಿ.