ವಿಮಾನ ‘ಸ್ಟಾಲ್’ ಆಗುವುದಕ್ಕೆ ‘ರೆಕ್ಕೆ ಸೋಲುವುದು’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ನನ್ನ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಗ್ಯಾರೇಜಿನಲ್ಲೇ ಎರಡು ಸೀಟಿನ ಪುಟ್ಟ ವಿಮಾನ ಕಟ್ಟಿ, ಈಗ ಅದನ್ನು ಹಾರಿಸಲು ಕಲಿಯುತ್ತಿದ್ದಾನೆ. ಅವನ ಇಮೇಲ್‌ಗಳನ್ನು ಇಲ್ಲಿ ಪುಣೆಯಲ್ಲಿ ಅವ್ವನಿಗೆ ಕನ್ನಡದಲ್ಲಿ ಓದಿ ಹೇಳುವುದು ನನ್ನ ಕೆಲಸ. ಈಚೆಗೆ ಬಂದ ಇಮೇಲ್ ತುಂಬ ಸ್ಟಾಲ್‌ನ ಮಾತೇ. ಗುರುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೇಕಂತಲೇ ವಿಮಾನವನ್ನು ಸ್ಟಾಲ್ ಮಾಡಿ ಮತ್ತೆ ಸರಿಮಾಡುವ ಅಭ್ಯಾಸ. ಅವ್ವ ಗಾಬರಿಯಾದಳು. ‘ಮ್ಯಾಲ ಹೋಗಿ ಎಂಜಿನ್ ಯಾಕ ಬಂದ್ ಮಾಡ್ತಾನ?’ ಅಂದಳು.

ಹಾಗೆ ತಿಳಿಯುವವರು ಬಹಳ ಜನ ಇದ್ದಾರೆ. ಕಾರು ಸ್ಟಾಲ್ ಆಯ್ತು ಅಂದ್ರೆ ಎಂಜಿನ್ ನಿಂತಿತು ಅಂತಲೇ ಅರ್ಥ ಅಲ್ವಾ? ಕನ್ನಡದಲ್ಲಿ ‘ಸ್ಥಗಿತ’ ಅಂತ ಬರೆದರೆ ಇನ್ನೂ ಕಷ್ಟ. ‘ವಿಮಾನ ಆಕಾಶದಲ್ಲಿ ಸ್ಥಗಿತಗೊಂಡಿತು’ ಅಂದ್ರೆ ಓದುವವರು ಏನು ಕಲ್ಪಿಸಿಕೊಳ್ಳಬೇಕು?

ಇಲ್ಲಿ ಕೈಕೊಡುವುದು ರೆಕ್ಕೆ, ಎಂಜಿನ್ ಅಲ್ಲ. ಎದುರುಗಾಳಿಗೆ ರೆಕ್ಕೆ ಸ್ವಲ್ಪ ಓರೆಯಾಗಿದ್ದಾಗ ಗಾಳಿ ಅದರ ಬೆನ್ನಿಗೆ ಅಂಟಿಕೊಂಡು ಹರಿಯುತ್ತದೆ. ಓರೆ ಹೆಚ್ಚಿದಂತೆ ಎತ್ತುವ ಬಲವೂ ಹೆಚ್ಚುತ್ತದೆ. ಆದರೆ ಅದಕ್ಕೊಂದು ಮಿತಿ ಇದೆ. ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು ದಾಟಿದರೆ ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಚೆದುರುತ್ತದೆ, ಬಲ ಕುಗ್ಗುತ್ತದೆ. ಇದೇ ಸ್ಟಾಲ್. ಎಂಜಿನ್ ಪೂರ್ತಿ ಜೋರಿನಲ್ಲಿದ್ದರೂ ಹೀಗಾಗಬಹುದು. ನಮ್ಮ ಹಡಪ್ಸರದ ಗ್ಲೈಡಿಂಗ್ ಸೆಂಟರ್‌ನಲ್ಲಿ ವಿಂಚ್‌ನಿಂದ (ಹಗ್ಗ ಸುತ್ತುವ ಯಂತ್ರ) ಎಳೆದು ಮೇಲೇರಿಸುವ ಗ್ಲೈಡರ್‌ಗಳಿಗೆ ಎಂಜಿನ್ನೇ ಇಲ್ಲ. ಅವೂ ಸ್ಟಾಲ್ ಆಗುತ್ತವೆ. ಅವ್ವನಿಗೆ ಈ ಮಾತು ಹೇಳಿದ ಮೇಲೆಯೇ ವಿಷಯ ತಿಳಿದದ್ದು.

ಹುಡುಗ ಅದನ್ನು ಹೀಗೆ ಬರೆದಿದ್ದಾನೆ. ಮೂಗು ಎತ್ತುತ್ತಾ ಹೋದಂತೆ ವೇಗ ಇಳಿಯುತ್ತದೆ, ಗಾಳಿಯ ಸದ್ದು ತಗ್ಗುತ್ತದೆ. ಕೈಯಲ್ಲಿರುವ ಸ್ಟಿಕ್ (ಎಳೆದರೆ ಮೂಗು ಏರುತ್ತದೆ, ಒತ್ತಿದರೆ ಇಳಿಯುತ್ತದೆ) ಸಡಿಲವಾಗುತ್ತದೆ. ಎಷ್ಟು ಎಳೆದರೂ ಅದಕ್ಕೆ ತಕ್ಕ ಜವಾಬು ಸಿಗುವುದಿಲ್ಲ. ಆಮೇಲೆ ಸೀಟಿನಡಿ ಸಣ್ಣ ಅದುರು. ಅದರ ಹಿಂದೆಯೇ ಮೂಗು ಕೆಳಗೆ ಬೀಳುತ್ತದೆ. ಆಗ ಸ್ಟಿಕ್ ಮುಂದಕ್ಕೆ ಒತ್ತಬೇಕು. ನೆಲ ಎದುರಿಗೇ ಕಾಣುವಾಗ ಮನಸ್ಸು ‘ಎಳಿ, ಎಳಿ’ ಅನ್ನುತ್ತದೆ, ಆದರೂ ಒತ್ತಬೇಕು. ಒತ್ತಿದರೆ ಓರೆ ಕಡಿಮೆಯಾಗಿ ರೆಕ್ಕೆ ಮತ್ತೆ ಗಾಳಿ ಹಿಡಿಯುತ್ತದೆ.

ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಇದು ಇನ್ನೂ ಮುಖ್ಯ. ಕಾರ್ಖಾನೆಯಿಂದ ಬಂದ ಸೆಸ್ನಾ ಕಂಪನಿಯ ಪುಟ್ಟ ವಿಮಾನದಲ್ಲಿ ಸ್ಟಾಲ್ ಹತ್ತಿರವಾದಾಗ ಹಾರ್ನ್ ಕೂಗುತ್ತದೆ. ಮನೆಯಲ್ಲಿ ಕಟ್ಟಿದ ಎಷ್ಟೋ ವಿಮಾನಗಳಲ್ಲಿ ಅದು ಇರುವುದಿಲ್ಲ. ಒಂದೇ ನಕ್ಷೆ ಇಟ್ಟುಕೊಂಡು ಇಬ್ಬರು ಕಟ್ಟಿದರೂ ಸ್ಟಾಲ್ ಆಗುವ ವೇಗ (ಅದಕ್ಕಿಂತ ನಿಧಾನವಾಗಿ ಹಾರಲು ಹೋದರೆ ಓರೆ ಮಿತಿ ದಾಟುತ್ತದೆ) ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ಅಮೆರಿಕದಲ್ಲಿ ಇಂಥ ವಿಮಾನಕ್ಕೆ ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆ ಪರೀಕ್ಷೆಯ ಹಾರಾಟ. ಆಗ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಈ ವೇಗ ಎಷ್ಟು ಅಂತ ಗುರುತು ಮಾಡಿಕೊಳ್ಳುವುದು ಆಗಲೇ.

(ಅಂದಹಾಗೆ, ವಿಮಾನ ‘ಕಟ್ಟುವುದು’ ಅಂತಲೇ ಬರೆಯುತ್ತಿದ್ದೇನೆ. ಮುಂಬೈನ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ಚಾರ್ಕೋಪ್‌ನಲ್ಲಿ ಮನೆಯ ಟೆರೇಸಿನ ಮೇಲೆ ಆರು ಸೀಟಿನ ವಿಮಾನ ಮಾಡಿದರಲ್ಲ, 2016ರಲ್ಲಿ ಅಲ್ಲಿನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿತ್ತು. ಅಂಥ ಕೆಲಸಕ್ಕೆ ‘ತಯಾರಿಸಿದರು’ ಅನ್ನುವುದು ನನಗೆ ಸಪ್ಪೆ ಅನ್ನಿಸುತ್ತದೆ. ಮನೆ ಕಟ್ಟುತ್ತೇವೆ, ತೇರು ಕಟ್ಟುತ್ತೇವೆ, ವಿಮಾನವನ್ನೂ ಕಟ್ಟೋಣ.)

ಈಗ ಪ್ರಶ್ನೆಗೆ ಬರುತ್ತೇನೆ. ‘ಕೈ ಸೋತವು’, ‘ಕಾಲು ಸೋತು ಬಂದವು’ ಅನ್ನುತ್ತೇವಲ್ಲ, ಅದೇ ದಾರಿಯಲ್ಲಿ ‘ರೆಕ್ಕೆ ಸೋತಿತು’ ಅಂದರೆ ಹೇಗೆ? ‘ರೆಕ್ಕೆ ಸೋಲುವ ವೇಗ’, ‘ರೆಕ್ಕೆ ಸೋಲುವ ಮುಂಚಿನ ಅದುರು’ ಅಂತ ಸಲೀಸಾಗಿ ಬೆಳೆಸಬಹುದು. ತಪ್ಪು ಯಾವ ಭಾಗದ್ದು ಅನ್ನುವುದು ಪದದಲ್ಲೇ ಇದೆ. ‘ಕುಸಿತ’ ಅನ್ನಲು ಮನಸ್ಸಿಲ್ಲ, ಅದು ಸೋತ ಮೇಲೆ ಆಗುವುದು.

ಒಂದು ಅನುಮಾನ ಮಾತ್ರ ಉಳಿದಿದೆ. ಕೈ ಸೋಲುವುದು ದುಡಿದು ದುಡಿದು. ಮತ್ತೆ ಸರಿಯಾಗಲು ಸ್ವಲ್ಪ ಹೊತ್ತು ಬೇಕು. ರೆಕ್ಕೆ ಹಾಗಲ್ಲ. ಓರೆ ಮಿತಿ ದಾಟಿದ ಕೂಡಲೇ ಸೋಲುತ್ತದೆ, ಓರೆ ಇಳಿಸಿದ ಕೂಡಲೇ ಚೇತರಿಸಿಕೊಳ್ಳುತ್ತದೆ. ‘ಸೋಲು’ ಅಂದರೆ ಓದುವವರಿಗೆ ದಣಿವಿನ ನೆನಪೇ ಜಾಸ್ತಿ ಬರುತ್ತದೆಯೇ? ನಮ್ಮ ವಿಜಯಪುರದ ಕಡೆಯ ಬಳಕೆ ನನಗೆ ಗೊತ್ತು. ಮಂಗಳೂರು, ಮೈಸೂರು ಕಡೆಯವರು ದಯವಿಟ್ಟು ಹೇಳಿ.

ಇದರ ಜೊತೆಗೆ ಇನ್ನೊಂದು. ತಿರುವಿನಲ್ಲಿ ವಿಮಾನ ಒಳಗಡೆಗೆ ಜಾರಿದರೆ ಸ್ಲಿಪ್, ಹೊರಗಡೆಗೆ ಜಾರಿದರೆ ಸ್ಕಿಡ್. ಕನ್ನಡದಲ್ಲಿ ಎರಡಕ್ಕೂ ‘ಜಾರು’ ಅಂದರೆ ಅಪಾಯ. ಇಳಿಯುವ ಮುಂಚಿನ ಕೊನೆಯ ತಿರುವಿನಲ್ಲಿ ಸ್ಕಿಡ್ ಆಗುತ್ತಿರುವಾಗಲೇ ರೆಕ್ಕೆ ಸೋತರೆ ವಿಮಾನ ಗಿರಕಿ ಹೊಡೆಯಬಹುದು. ಅಷ್ಟು ತಗ್ಗಿನಲ್ಲಿ ಸರಿಮಾಡಲು ಎತ್ತರ ಸಾಲುವುದಿಲ್ಲ. ಒಳಜಾರು, ಹೊರಜಾರು ಅಂತ ಬೇರೆ ಮಾಡಿದರೆ ಸಾಕೇ, ಅಥವಾ ನಿಮ್ಮಲ್ಲಿ ಗಾಡಿ, ದೋಣಿ ನಡೆಸುವವರ ಬಾಯಲ್ಲಿ ಇದಕ್ಕೆ ಬೇರೆ ಪದಗಳಿವೆಯೇ?