ಜೂನ್‌ನಲ್ಲಿ ಸ್ನೋ ಬೂಟು ಹುಡುಕುವ ಮಂದಿ

ಇಲ್ಲಿ ಅಮೆರಿಕದ ಡೆಟ್ರಾಯಿಟ್ ಕಡೆಗೆ ಹೊಸದಾಗಿ ಬಂದವರೊಬ್ಬರು ನಮ್ಮ ಗುಂಪಿನಲ್ಲಿ ಕೇಳಿದ್ದರು: ಇಬ್ಬರು ಪುಟ್ಟ ಮಕ್ಕಳು, ಖಾಲಿ ಮನೆ, ಸಾಮಾನೆಲ್ಲ ಎಲ್ಲಿ ತಗೊಳ್ಳೋದು ಅಂತ. ಎಲ್ಲರೂ ದೊಡ್ಡ ಅಂಗಡಿಗಳ ಹೆಸರು ಹೇಳಿದ್ದೀರಿ. ನಾನು ಹೇಳುವುದು ಇಷ್ಟೇ, ಸ್ವಲ್ಪ ತಡೀರಿ. ಮನೆಯವರು ತಮಗೆ ಬೇಡವಾದ ಸಾಮಾನನ್ನು ಗರಾಜಿನಲ್ಲೋ ಅಂಗಳದಲ್ಲೋ ಹರಡಿ ಅಗ್ಗಕ್ಕೆ ಮಾರುವ ಗರಾಜ್ ಸೇಲ್ ಶುರುವಾಗುವ ಹೊತ್ತು ಬಂತು.

ಮಿಷಿಗನ್‌ನಲ್ಲಿ ಮೇ ತಿಂಗಳು ಬಂದರೆ ಸಾಕು, ತಿರುವು ತಿರುವಿನಲ್ಲೂ ಬಣ್ಣದ ರಟ್ಟು, ಅದರ ಮೇಲೆ ಬಾಣದ ಗುರುತು. ಒಂದೇ ಮನೆಯವರು ಮಾಡುವುದೂ ಇದೆ, ಇಡೀ ಬಡಾವಣೆ ಅಂದರೆ ಸಬ್‌ಡಿವಿಷನ್ ಸೇರಿ ಮಾಡುವುದೂ ಇದೆ. ಮಕ್ಕಳಿದ್ದರೆ ಎರಡನೆಯದಕ್ಕೇ ಹೋಗಿ. ಕಾರು ಒಂದು ಕಡೆ ನಿಲ್ಲಿಸಿ, ಸ್ಟ್ರಾಲರ್ ತಳ್ಳಿಕೊಂಡು ಬೀದಿ ಪೂರ್ತಿ ನೋಡಬಹುದು. ಎಷ್ಟೋ ಕಡೆ ಗುರುವಾರವೇ ಶುರುವಾಗಿಬಿಡುತ್ತದೆ. ಒಳ್ಳೆಯ ಮಾಲು ಬೇಕಿದ್ದರೆ ಮೊದಲ ದಿನ ಬೆಳಿಗ್ಗೆ, ಅಗ್ಗ ಬೇಕಿದ್ದರೆ ಕೊನೆಯ ದಿನ ಮಧ್ಯಾಹ್ನ. ಎರಡೂ ಒಟ್ಟಿಗೆ ಸಿಗುವುದು ಕಷ್ಟ. ಸಿಕ್ಕಿತೋ, ಆ ವಾರವೆಲ್ಲ ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತೇವೆ.

ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಚಳಿಗಾಲದ ಸಾಮಾನು. ಸ್ನೋ ಪ್ಯಾಂಟು, ಬೂಟು, ಐಸ್ ಸ್ಕೇಟ್ಸ್, ಹಿಮದಲ್ಲಿ ಜಾರುವ ಸ್ಲೆಡ್. ಇಲ್ಲಿನ ಮಕ್ಕಳ ಕಾಲು ಒಂದು ಚಳಿಗಾಲದಿಂದ ಇನ್ನೊಂದಕ್ಕೆ ಎರಡು ಸೈಜು ಬೆಳೆದಿರುತ್ತದೆ. ಹಾಗಾಗಿ ನಾಲ್ಕೈದು ತಿಂಗಳು ಹಾಕಿದ ಬೂಟು ಹೊಸದರಂತೆಯೇ ಉಳಿದಿರುತ್ತದೆ. ಜೂನ್ ಬಿಸಿಲಲ್ಲಿ ಅದನ್ನು ಕೇಳುವವರು ಯಾರು? ನಾವು. ಮುಂದಿನ ಚಳಿಗಾಲದ ಸೈಜು ಅಂದಾಜು ಮಾಡಿ ತಗೊಂಡು ಡಬ್ಬದಲ್ಲಿ ಹಾಕಿಟ್ಟರೆ ನವೆಂಬರ್‌ನಲ್ಲಿ ಅಂಗಡಿಗೆ ಓಡುವುದು ತಪ್ಪುತ್ತದೆ.

ಇನ್ನು, “ಬೇರೆಯವರು ಹಾಕಿ ಬಿಟ್ಟದ್ದು ನಮ್ಮ ಮಗುವಿಗಾ?” ಎನ್ನುವ ಮಾತು. ಊರಿಂದ ಬಂದ ನಮ್ಮ ಅತ್ತೆಯೂ ಮೂಗು ಮುರಿದಿದ್ದರು. ನಮ್ಮ ಕಡೆ ಅದೆಷ್ಟೋ ಮನೆಗಳಲ್ಲಿ ಹುಟ್ಟಿದ ಕೂಸಿಗೆ ನಾಮಕರಣದ ತನಕ ಹೊಸ ಬಟ್ಟೆ ಹಾಕುವುದೇ ಇಲ್ಲ, ಮೆತ್ತಗಾದ ಹಳೆ ಬಟ್ಟೆಯೇ ಆಗಬೇಕು, ಅಲ್ವಾ? ಅದನ್ನು ನೆನಪಿಸಿದ ಮೇಲೆ ಅತ್ತೆ ಸುಮ್ಮನಾದರು. ಆಮೇಲೆ ನಮಗಿಂತ ಮೊದಲು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಚೌಕಾಸಿ ವಿಷಯದಲ್ಲಿ ಮಾತ್ರ ಕೆ.ಆರ್. ಮಾರ್ಕೆಟ್ ಅಭ್ಯಾಸ ನಡೆಯುವುದಿಲ್ಲ. ಅಲ್ಲಿ ಅರ್ಧಕ್ಕೆ ಕೇಳಿ, ಬೇಡ ಅಂದಂತೆ ಮಾಡಿ ನಾಲ್ಕು ಹೆಜ್ಜೆ ನಡೆದರೆ ಹಿಂದಿನಿಂದ ಕೂಗುತ್ತಾರೆ. ಇಲ್ಲಿ ಹೋದರೆ ಹೋದಿರಿ, “ಹ್ಯಾವ್ ಎ ಗುಡ್ ಡೇ” ಅನ್ನುತ್ತಾರೆ. ಒಂದು ಡಾಲರ್ ಸ್ಟಿಕ್ಕರ್ ಇರುವ ಅಂಗಿಗೆ ಎಳೆದಾಡಬೇಡಿ. ಬೇಕಾದದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, ಎಲ್ಲಾ ಸೇರಿ ಎಷ್ಟಕ್ಕೆ ಕೊಡ್ತೀರಿ ಎಂದು ಕೇಳಿ. ಅದೇ ಹೊತ್ತಿಗೆ ಕೊಸರೂ ಬರುತ್ತದೆ: ಒಂದು ಚೆಂಡು, ಹಿಡಿ ತುಂಬ ಕ್ರೇಯಾನ್. ಚಿಲ್ಲರೆ ಇಟ್ಟುಕೊಂಡೇ ಹೋಗಿ, ಕ್ವಾರ್ಟರ್ (ಕಾಲು ಡಾಲರಿನ ನಾಣ್ಯ) ಮತ್ತು ಒಂದು ಡಾಲರಿನ ನೋಟು. ಮಗುವೇ ಮೇಜು ಹಾಕಿಕೊಂಡು ತನ್ನ ಆಟಿಕೆ ಮಾರುತ್ತಿದ್ದರೆ ದಯವಿಟ್ಟು ಚೌಕಾಸಿ ಬೇಡ. ಪಕ್ಕದಲ್ಲಿ ನಿಂಬೆ ಪಾನಕ ಇಟ್ಟಿದ್ದರೆ ಅದನ್ನೂ ಕುಡಿಯಿರಿ, ಎಷ್ಟೇ ಸಿಹಿಯಾಗಿರಲಿ.

ನಮ್ಮ ಮಗನ ಸೈಕಲ್ ಸಿಕ್ಕಿದ್ದು ಕಾರು ಕಂಪನಿಯಿಂದ ನಿವೃತ್ತರಾದ ಅಜ್ಜನ ಗರಾಜಿನಲ್ಲಿ. ಗೋಡೆಯಲ್ಲಿ ಸ್ಪ್ಯಾನರ್‌ಗಳು ಸೈಜಿನ ಪ್ರಕಾರ ಸಾಲಾಗಿ ನೇತಾಡುತ್ತಿದ್ದವು, ಪ್ರತಿಯೊಂದರ ಹಿಂದೆ ಅದರದೇ ಆಕಾರವನ್ನು ಪೇಂಟಿನಲ್ಲಿ ಬರೆದಿದ್ದರು. ಸೈಕಲ್ಲಿಗೆ ಹದಿನೈದು ಡಾಲರ್. ಮಗ ತನ್ನ ಜೇಬಿನಲ್ಲಿದ್ದ ಕ್ವಾರ್ಟರ್‌ಗಳನ್ನು ಮೇಜಿನ ಮೇಲೆ ನಾಲ್ಕು ನಾಲ್ಕಾಗಿ ಗೋಪುರ ಮಾಡಿ ಜೋಡಿಸಿದ. ಹನ್ನೊಂದಕ್ಕೆ ನಿಂತುಹೋಯಿತು. ಅವನು ನನ್ನ ಮುಖ ನೋಡಿದ, ನಾನು ಆಕಾಶ ನೋಡಿದೆ. ಅಜ್ಜ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, “ಚೈನ್ ಹಾಕೋದು ಕಲಿತರೆ ಹನ್ನೊಂದಕ್ಕೆ” ಅಂದರು. ಕೈಯೆಲ್ಲ ಗ್ರೀಸು ಮಾಡಿಕೊಂಡು ಕಲಿತ. ಈಗ ಆ ಸೈಕಲ್ಲನ್ನು ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಆದರೆ ಕೆಲವನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಕಾರಿನಲ್ಲಿ ಮಕ್ಕಳನ್ನು ಕೂರಿಸುವ ಕಾರ್ ಸೀಟಿಗೆ ಎಕ್ಸ್‌ಪೈರಿ ಇರುತ್ತದೆ. ಅದು ಹಿಂದೆ ಅಪಘಾತಕ್ಕೆ ಸಿಕ್ಕಿತ್ತೋ ಇಲ್ಲವೋ ನೋಡಿದರೆ ಗೊತ್ತಾಗುವುದಿಲ್ಲ. ಸೈಕಲ್ ಹೆಲ್ಮೆಟ್ಟೂ ಹಾಗೆಯೇ, ಹೊಸದನ್ನೇ ತನ್ನಿ. ಒಂದು ಬದಿ ಕೆಳಗೆ ಜಾರುವ ಹಳೆ ಕಾಲದ ಕ್ರಿಬ್ (ಕೂಸಿನ ಕಟಕಟೆ ಮಂಚ) ಮಾರುವುದನ್ನು 2011ರಿಂದ ಇಲ್ಲಿ ನಿಷೇಧಿಸಿದ್ದಾರೆ, ಕೂಸುಗಳು ಸಂದಿಯಲ್ಲಿ ಸಿಕ್ಕಿಕೊಂಡು ಸತ್ತಿದ್ದವು. ಕ್ರಿಬ್ಬಿನ ಸುತ್ತ ಕಟ್ಟುವ ಮೆತ್ತನೆಯ ಬಂಪರ್, ಇಳಿಜಾರಾಗಿ ಮಲಗಿಸುವ ಸ್ಲೀಪರ್ ಎರಡಕ್ಕೂ 2022ರ ಕಾನೂನು ಅಡ್ಡ ಬಂದಿದೆ. ಗೊತ್ತಿಲ್ಲದೆ ಇನ್ನೂ ಮಾರಲು ಇಡುವವರಿದ್ದಾರೆ. ಮಾಡೆಲ್ ನಂಬರ್ ನೋಡಿ, ಅಲ್ಲೇ ನಿಂತು ಫೋನಿನಲ್ಲಿ ರೀಕಾಲ್ ಪಟ್ಟಿ, ಅಂದರೆ ದೋಷವಿದೆ ಎಂದು ಕಂಪನಿ ವಾಪಸ್ ಕರೆಸಿಕೊಂಡ ಸಾಮಾನಿನ ಪಟ್ಟಿ, ತೆಗೆದು ನೋಡಿ. ಬಟ್ಟೆ ಹೊದಿಸಿದ ಸೋಫಾ, ಹಾಸಿಗೆ ಬೇಡವೇ ಬೇಡ. ತಿಗಣೆ ಮನೆಗೆ ಬಂದರೆ ಉಳಿಸಿದ ದುಡ್ಡಿನ ಹತ್ತರಷ್ಟು ಹೋಗುತ್ತದೆ.

ನಮ್ಮ ಭಾರತದವರು ಮನೆ ಖಾಲಿ ಮಾಡುವಾಗ ಇಡುವ ಮೂವಿಂಗ್ ಸೇಲ್ ಇನ್ನೊಂದು ನಿಧಿ. ಇಡ್ಲಿ ಸ್ಟ್ಯಾಂಡು, ಕುಕ್ಕರ್, ಟೇಬಲ್ ಟಾಪ್ ಗ್ರೈಂಡರ್ ಎಲ್ಲಾ ಸಿಗುತ್ತದೆ. ಗ್ರೈಂಡರನ್ನು ತಿರುಗಿಸಿ ಹಿಂದಿನ ಚೀಟಿ ಓದಿ: ಇಲ್ಲಿನ ಕರೆಂಟಿಗೆ ಹೊಂದುವ 110 ವೋಲ್ಟ್ ಇದ್ದರೆ ಎತ್ತಿಕೊಂಡು ಬನ್ನಿ. ಊರಿಂದ ತಂದ 220ರದ್ದಾದರೆ ಎಷ್ಟೇ ಕಡಿಮೆ ಹೇಳಿದರೂ ಅಲ್ಲೇ ಬಿಡಿ.

ದುಡ್ಡು ಉಳಿಯುತ್ತದೆ ಎಂದು ನಾನು ಮನೆಯಲ್ಲಿ ಹೇಳುವುದೇನೋ ನಿಜ. ಆದರೆ ಹೋಗುವುದು ಹುಚ್ಚಿಗೆ. 2020ರಲ್ಲಿ ಕನೆಟಿಕಟ್‌ನ ಒಂದು ಯಾರ್ಡ್ ಸೇಲ್ (ಅಂಗಳದಲ್ಲಿ ನಡೆಯುವ ಇಂಥದ್ದೇ ಸೇಲ್)‌ನಲ್ಲಿ ಯಾರೋ ನೀಲಿ ಹೂವಿನ ಬಟ್ಟಲೊಂದಕ್ಕೆ ಕೇಳಿದಷ್ಟೇ, 35 ಡಾಲರ್, ಕೊಟ್ಟು ತಂದರು. ಅದು ಚೀನಾದ ಮಿಂಗ್ ಕಾಲದ್ದು. ಮರುವರ್ಷ ಹರಾಜಿನಲ್ಲಿ 7 ಲಕ್ಷ 21 ಸಾವಿರ ಡಾಲರಿಗೆ ಹೋಯಿತು. ಅವತ್ತಿಂದ ನಾನು ಪ್ರತಿ ಬಟ್ಟಲನ್ನೂ ಮಗುಚಿ ನೋಡುತ್ತೇನೆ. ಈತನಕ ಸಿಕ್ಕಿದ್ದೆಲ್ಲ ಡಿಶ್‌ವಾಷರ್‌ಗೆ ಹಾಕಬಹುದಾದದ್ದೇ.

ಅಂದಹಾಗೆ, 127ನೇ ಹೆದ್ದಾರಿಯ ಉದ್ದಕ್ಕೂ ನಡೆಯುವ ಯಾರ್ಡ್ ಸೇಲ್ ಆಗಸ್ಟ್ ಮೊದಲ ಗುರುವಾರದಿಂದ ಭಾನುವಾರದ ತನಕ. ದೊಡ್ಡ ಇಂಟರ್‌ಸ್ಟೇಟ್ ಬಿಟ್ಟು ಜನ ಸಣ್ಣ ಊರುಗಳ ಮೇಲೆ ಹಾಯ್ದು ಹೋಗಲಿ ಎಂದು 1987ರಲ್ಲಿ ಟೆನ್ನೆಸ್ಸಿ ಕಡೆಯವರು ಶುರು ಮಾಡಿದ್ದು. ಈಗ ಅಲಬಾಮಾದ ಗ್ಯಾಡ್ಸ್‌ಡೆನ್‌ನಿಂದ ನಮ್ಮ ಮಿಷಿಗನ್‌ನ ಆಡಿಸನ್ ತನಕ, 690 ಮೈಲಿ. ಆಡಿಸನ್ ನಮಗೆ ಒಂದೂವರೆ ಗಂಟೆ ದಾರಿ ಅಷ್ಟೇ. ಶುಕ್ರವಾರ ಬೆಳಿಗ್ಗೆ ಹೊರಡೋಣ ಅಂತಿದ್ದೇವೆ, ಚಿತ್ರಾನ್ನ ನಮ್ಮ ಮನೆಯಿಂದ. ಬರುವವರು ಹೇಳಿ. ಪಿಕಪ್ ಟ್ರಕ್ ಇರುವವರು ಮೊದಲು ಹೇಳಿ.